ಹತ್ತು ರೂಪಾಯಿ ಕಾಯಿನ್ ನಡೆಯಲ್ಲ ಅಂತ ಮೊದಲು ಹೇಳಿದ್ಯಾರು?

ಶಿವಮೊಗ್ಗ: ಗಾಂಧಿ ಬಜಾರಿನಲ್ಲಿ ಮೊನ್ನೆ ಬೆಳಗ್ಗೆ ಎರಡು ಕಟ್ಟು ಸಬ್ಬಸಿಗೆ ಸೊಪ್ಪು ತಗೊಂಡೆ. ಇಪ್ಪತ್ತು ರೂಪಾಯಿ. ಜೇಬಲ್ಲಿ ಹತ್ತರ ಒಂದು ನೋಟು, ಹತ್ತರ ಒಂದು ಕಾಯಿನ್ ಇತ್ತು. ಎರಡನ್ನೂ ಕೊಟ್ಟೆ. ಸೊಪ್ಪಿನ ಅಜ್ಜಿ ನೋಟನ್ನು ಕೂತಿದ್ದ ಗೋಣಿಚೀಲದ ಕೆಳಗೆ ತುರುಕಿದರು. ಕಾಯಿನ್ ಮಾತ್ರ ನನ್ನ ಅಂಗೈಗೇ ವಾಪಸ್ ಬಂತು.

“ಇದು ಬ್ಯಾಡ ತಮ್ಮಾ, ನಡೆಯಲ್ಲ.”

ನಾನು ಸುಮ್ಮನಿರಬಹುದಿತ್ತು. ಆದರೆ ಪೇಪರು ಓದೋ ಚಟ ಇರೋರಿಗೆ ಇಂಥ ಕಡೆ ಬಾಯಿ ಸುಮ್ಮನಿರಲ್ಲ. “ನಡೆಯುತ್ತೆ ಅಜ್ಜಿ, ರಿಸರ್ವ್ ಬ್ಯಾಂಕೇ ಹೇಳಿದೆ, ಎಲ್ಲ ಕಾಯಿನ್ನೂ ಅಸಲಿ” ಅಂದೆ. ಅಜ್ಜಿ ಏನೂ ಮಾತಾಡಲಿಲ್ಲ. ಹಿಂದೆ ಕೈ ಹಾಕಿ ಒಂದು ಹಳೇ ಬಿಸ್ಕತ್ ಡಬ್ಬಿ ತೆಗೆದರು. ಮುಚ್ಚಳ ತೆಗೆದರೆ ಒಳಗೆಲ್ಲ ಹತ್ತರ ಕಾಯಿನ್ನುಗಳೇ.

“ನಡೆಯುತ್ತೆ ಅಂತ ನಿಮ್ಮಂಥೋರು ಹೇಳಿ ಕೊಟ್ಟು ಹೋಗಿದ್ದೇ ಇವೆಲ್ಲ. ನಡೆಯುತ್ತೆ ಅಂದ್ರೆ ನೀವೇ ತಗಳಿ. ನೋಟು ಕೊಡಿ.”

ನಿಜ ಹೇಳಬೇಕು ಅಂದ್ರೆ ಆಗ ನಾನು ಹಿಂದೆ ಮುಂದೆ ನೋಡಿದೆ. ಆರ್‌ಬಿಐ ಹೇಳಿದ್ದು ಗೊತ್ತಿತ್ತು. ಕಾಯಿನ್ ಅಸಲಿ ಅಂತಲೂ ಗೊತ್ತಿತ್ತು. ಆದರೂ ತಲೆಯಲ್ಲಿ ಓಡಿದ್ದು ಒಂದೇ ಯೋಚನೆ: ಇಷ್ಟನ್ನೂ ತಗೊಂಡು ನಾನು ಯಾರಿಗೆ ಕೊಡಲಿ? ಕೊನೆಗೆ ಮರ್ಯಾದೆಗೆ ಅಂತ ಐದು ಕಾಯಿನ್ ತಗೊಂಡು ಐವತ್ತರ ನೋಟು ಕೊಟ್ಟೆ. ಡಬ್ಬಿ ಮುಚ್ಚಿಕೊಂಡಿತು.

ಆ ಐದು, ಜೊತೆಗೆ ನನ್ನದೊಂದು, ಒಟ್ಟು ಆರು ಕಾಯಿನ್ ಹಿಡಿದು ಒಂದು ವಾರ ಊರು ಸುತ್ತಿದ ಮೇಲೆ ಬರೆದದ್ದು ಈ ಲೇಖನ.

ಆರು ಕಾಯಿನ್, ಒಂದು ವಾರ

ಮೊದಲು ಟೀ ಅಂಗಡಿ. ಹುಡುಗ ಕಾಯಿನ್ ನೋಡಿ ನಕ್ಕ. “ಸಾರ್, ಸ್ಕ್ಯಾನ್ ಮಾಡಿಬಿಡಿ” ಅಂದ. ಅಸಲಿಯೋ ನಕಲಿಯೋ ಅನ್ನೋ ಮಾತೇ ಇಲ್ಲ.

ಸಿಟಿ ಬಸ್ಸಲ್ಲಿ ಕಂಡಕ್ಟರ್ ಬೇಡ ಅಂದರು. ಯಾಕೆ ಅಂತ ಕೇಳಿದ್ದಕ್ಕೆ, “ನಂಗೇನೂ ಇಲ್ಲ ಸಾರ್, ವಾಪಸ್ ಚಿಲ್ಲರೆ ಕೊಟ್ರೆ ಪ್ಯಾಸೆಂಜರ್ ತಗೊಳಲ್ಲ. ಅವ್ರ ಹತ್ರ ಬೈಸ್ಕೊಳೋದ್ಯಾರು” ಅಂದರು. ಹಿಂದಿನ ಸೀಟಿನ ಹೆಂಗಸು ತಕ್ಷಣ ತಲೆ ಆಡಿಸಿ, “ಹೌದು ಮಾರಾಯ್ರೆ, ನಾನಂತೂ ತಗೊಳಲ್ಲ, ಅಂಗಡಿಯೋರು ತಗೊಳ್ಳೋದೇ ಇಲ್ಲ” ಅಂತ ಸಾಕ್ಷಿ ನುಡಿದರು.

ಮೆಡಿಕಲ್ ಶಾಪಿನಲ್ಲಿ ಒಂದು ಹೋಯಿತು. ಅಲ್ಲಿನವರು ಹೇಳಿದ್ದು ಹೀಗೆ: “ನಾವು ತಗೊಳ್ತೀವಿ ಸಾರ್. ಕೊಡೋಕೆ ಹೋದ್ರೆ ಮಾತ್ರ ಯಾರೂ ತಗೊಳಲ್ಲ. ಒಟ್ಟು ಮಾಡಿ ಬ್ಯಾಂಕಿಗೆ ಕಟ್ಟಿಬಿಡ್ತೀವಿ.” ದೇವಸ್ಥಾನದ ಹುಂಡಿಯಲ್ಲಿ ಇನ್ನೊಂದು ಹೋಯಿತು. ದೇವರು ಇವತ್ತಿನವರೆಗೂ ಯಾವ ಕಾಯಿನ್ನನ್ನೂ ಬೇಡ ಅಂದಿಲ್ಲ ನೋಡಿ. ಮಧ್ಯೆ ಒಂದು ದಿನ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದೆ. ಅಲ್ಲಿ ಬಸ್ಸಲ್ಲಿ ಕೊಟ್ಟೆ, ಕಂಡಕ್ಟರ್ ಕಣ್ಣೆತ್ತಿಯೂ ನೋಡದೆ ಚೀಲಕ್ಕೆ ಹಾಕಿಕೊಂಡರು. ಅದೇ ಕಾಯಿನ್, ಅದೇ ರಾಜ್ಯ. ಐದಾರು ಗಂಟೆ ಪ್ರಯಾಣ ಮಾಡಿದ್ದಷ್ಟೇ ವ್ಯತ್ಯಾಸ.

ಗಮನಿಸಿ, ಇಷ್ಟೂ ಜನರಲ್ಲಿ ಒಬ್ಬರೂ “ಇದು ನಕಲಿ” ಅನ್ನಲಿಲ್ಲ. “ಸರ್ಕಾರ ಬ್ಯಾನ್ ಮಾಡಿದೆ” ಅಂತಲೂ ಅನ್ನಲಿಲ್ಲ. ಎಲ್ಲರೂ ಹೇಳಿದ್ದು ಒಂದೇ ಮಾತು: ನಂಗೇನೂ ತೊಂದ್ರೆ ಇಲ್ಲ, ಮುಂದಿನೋರು ತಗೊಳಲ್ಲ.

ಹಾಗಾದ್ರೆ ಆ ‘ಮುಂದಿನೋರು’ ಯಾರು? ವಾರವಿಡೀ ಹುಡುಕಿದೆ. ನನಗೆ ಸಿಗಲಿಲ್ಲ.

ಕಾಯಿನ್ನಿನ ಜಾತಕ

ಮೊದಲು ಈ ಕಾಯಿನ್ ಏನು ಅಂತ ನೋಡೋಣ. ಹತ್ತು ರೂಪಾಯಿ ನಾಣ್ಯ ಜನರ ಕೈಗೆ ಬಂದದ್ದು 2009ರ ಸುಮಾರಿಗೆ. ಎರಡು ಲೋಹದ ನಾಣ್ಯ, ಹೊರಗೆ ಹಳದಿ ಬಳೆ, ಒಳಗೆ ಬಿಳಿ ಬಿಲ್ಲೆ. ಅಗಲ 27 ಮಿಲಿಮೀಟರ್, ತೂಕ 7.71 ಗ್ರಾಂ. ಅದಕ್ಕೂ ಮೊದಲು ನಮ್ಮ ಜನ ದಿನಬಳಕೆಯಲ್ಲಿ ಎರಡು ಬಣ್ಣದ ನಾಣ್ಯ ನೋಡಿರಲಿಲ್ಲ. ನೋಡಿದ ತಕ್ಷಣ ಆಟದ ಬಿಲ್ಲೆ ಥರ ಕಾಣೋದು ಸಹಜವೇ.

2010ರ ಜುಲೈನಲ್ಲಿ ರೂಪಾಯಿಗೆ ಹೊಸ ಚಿಹ್ನೆ ಬಂತು. 2011ರಿಂದ ಆ ಚಿಹ್ನೆ ನಾಣ್ಯದ ಮೇಲೂ ಬಂತು. ಅಂದ್ರೆ ಚಿಹ್ನೆ ಇಲ್ಲದ ಹಳೇ ಕಾಯಿನ್, ಚಿಹ್ನೆ ಇರೋ ಹೊಸ ಕಾಯಿನ್ ಎರಡೂ ಒಟ್ಟಿಗೆ ಓಡಾಡತೊಡಗಿದವು. ಹಳೇದರಲ್ಲಿ ಒಂದು ವಿನ್ಯಾಸಕ್ಕೆ ಅಂಚಿನ ಮೇಲೆ 15 ಗೆರೆ, ಹೊಸದಕ್ಕೆ 10 ಗೆರೆ. ಇದರ ಮೇಲೆ ಸ್ಮರಣಾರ್ಥ ನಾಣ್ಯಗಳು ಬೇರೆ. ಹೋಮಿ ಭಾಭಾ ಜನ್ಮಶತಮಾನೋತ್ಸವಕ್ಕೊಂದು, ರಿಸರ್ವ್ ಬ್ಯಾಂಕಿಗೆ 75 ತುಂಬಿದ್ದಕ್ಕೊಂದು, ಸಂಸತ್ತಿಗೆ 60 ತುಂಬಿದ್ದಕ್ಕೊಂದು, ವೈಷ್ಣೋದೇವಿಯದ್ದೊಂದು, ತೆಂಗಿನ ನಾರಿನ ಮಂಡಳಿಯದ್ದೊಂದು, ಅಂಬೇಡ್ಕರ್ 125ನೇ ಜಯಂತಿಗೊಂದು, ಯೋಗ ದಿನಕ್ಕೊಂದು. 2018ರ ಜನವರಿ 17ರಂದು ರಿಸರ್ವ್ ಬ್ಯಾಂಕ್ ಪ್ರಕಟಣೆ ಕೊಟ್ಟಾಗ ಲೆಕ್ಕ 14 ವಿನ್ಯಾಸಕ್ಕೆ ಬಂದಿತ್ತು. ಹದಿನಾಲ್ಕೂ ಚಲಾವಣೆಗೆ ಯೋಗ್ಯ ಅಂತ ಆ ಪ್ರಕಟಣೆಯಲ್ಲೇ ಹೇಳಿದರು. ಆಮೇಲೂ 2019ರಲ್ಲಿ ಹೊಸ ಸರಣಿ ಬಂದಿದೆ.

ಸಾಲದ್ದಕ್ಕೆ ಟಂಕಸಾಲೆಯ ಗುರುತು. ನಮ್ಮ ದೇಶದಲ್ಲಿ ನಾಣ್ಯ ಆಗೋದು ನಾಲ್ಕು ಕಡೆ. ಇಸವಿಯ ಕೆಳಗೆ ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಗೊತ್ತಿದ್ದವರಿಗೆ ಇದೊಂದು ಸ್ವಾರಸ್ಯದ ವಿಷಯ. ಗೊತ್ತಿಲ್ಲದವರಿಗೆ “ನೋಡು, ಇದ್ರಲ್ಲಿ ಸ್ಟಾರ್ ಇದೆ, ಅದ್ರಲ್ಲಿಲ್ಲ, ಒಂದು ಡೂಪ್ಲಿಕೇಟು” ಅನ್ನೋಕೆ ಅಷ್ಟೇ ಸಾಕು.

ಇನ್ನೊಂದು ಮಾತು. ಹತ್ತರ ನೋಟಿನ ಹಿಂಬದಿಯ ಭಾಷಾಪಟ್ಟಿಯಲ್ಲಿ ಕನ್ನಡದಲ್ಲೂ ಮೊತ್ತ ಬರೆದಿರುತ್ತೆ. ಕಾಯಿನ್ನಿನ ಮೇಲೆ ಇರೋದು ಹಿಂದಿ ಮತ್ತು ಇಂಗ್ಲಿಷ್ ಎರಡೇ. ಆ ಅಜ್ಜಿಗೆ ಕಾಯಿನ್ ಮೇಲಿನ ಅಕ್ಷರ ಓದೋ ದಾರಿ ಇಲ್ಲ, ಅಂಕಿ ಒಂದೇ ಗತಿ. ಹದಿನಾಲ್ಕು ಥರದ ಚಿತ್ರ ಬದಲಾದರೆ ಅವರು ನಂಬಬೇಕಾದ್ದು ಕಣ್ಣನ್ನಲ್ಲ, ಪಕ್ಕದವರ ಮಾತನ್ನ.

ಗಾಳಿ ಎಲ್ಲಿಂದ ಬೀಸಿತು

“ಮೊದಲು ಹೇಳಿದ್ಯಾರು” ಅಂತ ಶೀರ್ಷಿಕೆಯಲ್ಲಿ ಕೇಳಿದ್ದೀನಿ. ಒಬ್ಬ ಮನುಷ್ಯನ ಹೆಸರು ಹೇಳೋಕೆ ಆಗಲ್ಲ. ಆದರೆ ಯಾವ ಹೊತ್ತಲ್ಲಿ ಈ ಮಾತು ಬೇರು ಬಿಟ್ಟಿತು ಅಂತ ಹೇಳಬಹುದು.

2016ರಲ್ಲಿ ದೆಹಲಿ ಕಡೆ ನಕಲಿ ನಾಣ್ಯ ತಯಾರಿಸುತ್ತಿದ್ದ ಜಾಗವೊಂದು ಪೊಲೀಸರಿಗೆ ಸಿಕ್ಕಿಬಿತ್ತು. ಸುದ್ದಿ ನಿಜ. ಆದರೆ ವಾಟ್ಸಾಪಿನಲ್ಲಿ ಅದು ಇಳಿದು ಬಂದದ್ದು ಬೇರೆ ರೂಪದಲ್ಲಿ: ರೂಪಾಯಿ ಚಿಹ್ನೆ ಇಲ್ಲದ್ದು ನಕಲಿ, 15 ಗೆರೆ ಇರೋದು ನಕಲಿ, 10 ಗೆರೆಯದ್ದು ಮಾತ್ರ ತಗೊಳ್ಳಿ. ಪಕ್ಕದಲ್ಲಿ ಎರಡು ಕಾಯಿನ್ ಫೋಟೋ, ಒಂದರ ಮೇಲೆ ಕೆಂಪು ತಪ್ಪು ಗುರುತು, ಇನ್ನೊಂದರ ಮೇಲೆ ಹಸಿರು ಸರಿ ಗುರುತು. ಅಷ್ಟಿದ್ದರೆ ಯಾರು ತಾನೆ ನಂಬಲ್ಲ?

ಅದೇ ವರ್ಷ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದವು. ಆ ರಾತ್ರಿ ನೆನಪಿದೆಯಲ್ಲ? ನಿನ್ನೆವರೆಗೆ ದುಡ್ಡು ಆಗಿದ್ದದ್ದು ಬೆಳಗಾಗೋದ್ರೊಳಗೆ ಕಾಗದ. ಅಂಥ ಅನುಭವ ಆದ ಜನಕ್ಕೆ “ಹತ್ತರ ಕಾಯಿನ್ನೂ ಹೋಯ್ತಂತೆ” ಅಂದ್ರೆ ನಂಬದೇ ಇರೋದಾದ್ರೂ ಹೇಗೆ? ಸರಿಯಾಗಿ ಹನ್ನೆರಡು ದಿನಕ್ಕೆ, ನವೆಂಬರ್ 20ಕ್ಕೆ, ರಿಸರ್ವ್ ಬ್ಯಾಂಕ್ ಮೊದಲ ಸ್ಪಷ್ಟನೆ ಕೊಡಬೇಕಾಯಿತು. ಎರಡು ವಿನ್ಯಾಸವೂ ಸರಿ, ಅನುಮಾನ ಬೇಡ, ಕೊಡಿ, ತಗೊಳ್ಳಿ ಅಂತ. 2018ರಲ್ಲಿ ಮತ್ತೆ. 2019ರಲ್ಲಿ ಮತ್ತೆ. ನಮ್ಮ ನಿಮ್ಮ ಮೊಬೈಲಿಗೂ ಎಸ್‌ಎಂಎಸ್ ಬಂತು, ಹತ್ತರ ಕಾಯಿನ್ ತಗೊಳ್ಳೋಕೆ ಹೆದರಬೇಡಿ, 14440ಕ್ಕೆ ಮಿಸ್ಡ್ ಕಾಲ್ ಕೊಡಿ ಅಂತ. ಬ್ಯಾಂಕಿನವರು, ಅಧಿಕಾರಿಗಳು ಪತ್ರಿಕಾ ಹೇಳಿಕೆ ಕೊಟ್ಟದ್ದಂತೂ ಲೆಕ್ಕ ಇಲ್ಲ. ಆದರೂ ಡಬ್ಬಿ ತುಂಬುತ್ತಲೇ ಇದೆ.

ಜನರನ್ನ ದಡ್ಡರು ಅಂತ ಬೈಯೋದು ಸುಲಭ. ಆದರೆ ಅವರ ಅನುಮಾನಕ್ಕೆ ಆಧಾರ ಇಲ್ಲ ಅಂತಲೂ ಹೇಳೋಕಾಗಲ್ಲ. 25 ಪೈಸೆ ನಿಜವಾಗಿಯೂ 2011ರ ಜೂನ್ 30ಕ್ಕೆ ನಿಂತುಹೋಯಿತು. 50 ಪೈಸೆ ಕಾನೂನಿನ ಪ್ರಕಾರ ಇವತ್ತಿಗೂ ಜೀವಂತ, ಆದರೆ ಅಂಗಡಿಗೆ ತಗೊಂಡು ಹೋಗಿ ನೋಡಿ, ಮುಖ ನೋಡಿ ನಗ್ತಾರೆ. 2000ದ ನೋಟು 2023ರಲ್ಲಿ ಹಿಂದೆ ಹೋಯಿತು. ಅಂದ್ರೆ ಯಾವುದು ಸರ್ಕಾರ ನಿಲ್ಲಿಸಿದ್ದು, ಯಾವುದು ಜನರೇ ನಿಲ್ಲಿಸಿದ್ದು ಅನ್ನೋ ಗೆರೆಯೇ ಅಳಿಸಿಹೋಗಿದೆ.

ತಮಾಷೆ ಏನಂದ್ರೆ, ಹತ್ತರ ಕಾಯಿನ್ನಿಗೆ ಹತ್ತು ರೂಪಾಯಿ ಬೆಲೆಯೂ ಇಲ್ಲ ಅಂತ ಹೇಳೋ ಅದೇ ಮೊಬೈಲು, “ನಿಮ್ಮ ಹತ್ರ ವೈಷ್ಣೋದೇವಿ ಕಾಯಿನ್ ಇದ್ಯಾ? ಲಕ್ಷ ಲಕ್ಷ ಸಿಗುತ್ತೆ” ಅಂತಲೂ ಹೇಳುತ್ತೆ. ಹಳೇ ನಾಣ್ಯ ಕೊಳ್ತೀವಿ ಅಂತ ರಿಸರ್ವ್ ಬ್ಯಾಂಕಿನ ಹೆಸರಲ್ಲೇ ಕಮಿಷನ್, ತೆರಿಗೆ ಅಂತ ದುಡ್ಡು ಕೀಳೋ ವಂಚಕರ ಬಗ್ಗೆ ಬ್ಯಾಂಕ್ 2021ರ ಆಗಸ್ಟಿನಲ್ಲಿ ಎಚ್ಚರಿಕೆಯನ್ನೂ ಕೊಟ್ಟಿತು. ಒಂದೇ ಡಬ್ಬಿಯ ಒಂದೇ ಕಾಯಿನ್ ಬೆಳಗ್ಗೆ ಸೊನ್ನೆ, ಸಂಜೆ ಲಕ್ಷ. ಹತ್ತು ರೂಪಾಯಿಗೆ ಮಾತ್ರ ಯಾರೂ ಒಪ್ಪಲ್ಲ!

ನಾಳೆ ಬಾ

ನಲವತ್ತು ದಾಟಿದವರಿಗೆ ಒಂದು ವಿಷಯ ನೆನಪಿರಬೇಕು. ತೊಂಬತ್ತರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಮನೆ ಬಾಗಿಲ ಮೇಲೆ, ಗೋಡೆ ಮೇಲೆ ‘ನಾಳೆ ಬಾ’ ಅಂತ ಬರೆದಿರುತ್ತಿತ್ತು. ರಾತ್ರಿ ಹೊತ್ತು ದೆವ್ವ ಬಂದು ಪರಿಚಯದವರ ದನಿಯಲ್ಲಿ ಬಾಗಿಲು ತಟ್ಟುತ್ತೆ, ತೆಗೆದರೆ ಸಾವು, ‘ನಾಳೆ ಬಾ’ ಅಂತ ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತೆ ಅಂತ ಸುದ್ದಿ. ದಿನಾ ಬಂದು ದಿನಾ ‘ನಾಳೆ ಬಾ’ ಓದಿ ಹೋಗೋ ದೆವ್ವ. ಸರ್ಕಾರಿ ಕಚೇರಿ ಸುತ್ತಿ ಅಭ್ಯಾಸ ಇದ್ದ ದೆವ್ವವೇ ಇರಬೇಕು.

ಆಗ ವಾಟ್ಸಾಪ್ ಇರಲಿಲ್ಲ. ಫೋನೇ ಊರಿಗೆ ನಾಲ್ಕು. ಆದರೂ ಸುದ್ದಿ ಮನೆ ಮನೆ ಮುಟ್ಟಿತು. ಬರೆದವರೆಲ್ಲ ದೆವ್ವ ನಂಬಿದವರಾ? ಖಂಡಿತ ಅಲ್ಲ. ನಮ್ಮ ಬೀದಿಯಲ್ಲಿ ಮೇಷ್ಟ್ರೊಬ್ಬರ ಮನೆ ಬಾಗಿಲ ಮೇಲೂ ಇತ್ತು. ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ನನಗೆ ಈಗಲೂ ನೆನಪಿದೆ: “ಸುಳ್ಳೇ ಕಣೋ. ಆದ್ರೆ ಬರೆದ್ರೆ ಹೋಗೋದೇನು, ಒಂದು ಚೂರು ಸೀಮೆಸುಣ್ಣ.”

ಗುಟ್ಟು ಇರೋದು ಈ ಸೀಮೆಸುಣ್ಣದಲ್ಲಿ. ಗಾಳಿಮಾತು ಬದುಕೋಕೆ ಜನ ಅದನ್ನ ನಂಬಲೇಬೇಕು ಅಂತಿಲ್ಲ. “ಇದ್ರೂ ಇರಬಹುದು” ಅನ್ನೋ ಒಂದು ಎಳೆ ಅನುಮಾನ, ಪಾಲಿಸೋಕೆ ಖರ್ಚು ಕಡಿಮೆ, ಇಷ್ಟಿದ್ದರೆ ಸಾಕು. ಹತ್ತರ ಕಾಯಿನ್ ಬೇಡ ಅನ್ನೋಕೆ ಅಂಗಡಿಯವರಿಗೆ ಏನು ಖರ್ಚು? ಗಿರಾಕಿ ನೋಟು ಕೊಡ್ತಾನೆ, ಇಲ್ಲಾ ಸ್ಕ್ಯಾನ್ ಮಾಡ್ತಾನೆ. ಮೆಸೇಜು ಹತ್ತು ಗ್ರೂಪಿಗೆ ಕಳಿಸೋಕೆ ಏನು ಖರ್ಚು? ಹೆಬ್ಬೆರಳು. ಎಲ್ಲರೂ ಅವರವರ ಮಟ್ಟಿಗೆ ಜಾಣರೇ, ಯಾರೂ ತಪ್ಪು ಮಾಡ್ತಿಲ್ಲ. ಹಾಗೆ ಎಲ್ಲರೂ ಜಾಣರಾಗಿದ್ದರಿಂದಲೇ ಅಸಲಿ ದುಡ್ಡು ಊರಲ್ಲಿ ನಡೆಯದ ದುಡ್ಡಾಗಿ ಕೂತಿದೆ.

ಇದನ್ನ ಓದಿದವರು ಬೇರೆ ಥರ ಹೇಳ್ತಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1948ರಲ್ಲಿ ಒಂದು ಬ್ಯಾಂಕಿನ ಕಥೆ ಹೇಳಿದ. ಬ್ಯಾಂಕು ಗಟ್ಟಿಯಾಗಿದೆ, ಆದರೆ ಮುಳುಗ್ತಿದೆ ಅಂತ ಗಾಳಿಮಾತು. ಸುಳ್ಳು ಅಂತ ಗೊತ್ತಿದ್ದವನೂ ಸಾಲಲ್ಲಿ ನಿಂತು ದುಡ್ಡು ತೆಗೀತಾನೆ, ಯಾಕಂದ್ರೆ ಮಿಕ್ಕವರು ತೆಗೆದುಬಿಟ್ಟರೆ ತನಗೆ ಉಳಿಯಲ್ಲ ಅಂತ. ಸಂಜೆಯೊಳಗೆ ಬ್ಯಾಂಕು ನಿಜವಾಗಿಯೂ ಮುಳುಗುತ್ತೆ. ಸುಳ್ಳೇ ತನ್ನನ್ನ ನಿಜ ಮಾಡಿಕೊಂಡಿತು. “ಹತ್ತರ ಕಾಯಿನ್ ಶಿವಮೊಗ್ಗದಲ್ಲಿ ನಡೆಯಲ್ಲ” ಅನ್ನೋದೂ ಮೊದಲು ಸುಳ್ಳಾಗಿತ್ತು. ಈಗ, ಬೇಜಾರಿನ ಸಂಗತಿ, ಹೆಚ್ಚು ಕಡಿಮೆ ನಿಜ. ಅದಕ್ಕೇ ಆರ್‌ಬಿಐ ಎಷ್ಟು ಸಲ “ಕಾಯಿನ್ ಅಸಲಿ” ಅಂದರೂ ಉಪಯೋಗ ಆಗಲ್ಲ. ಅಸಲಿ ಅಂತ ನಮಗೆ ಗೊತ್ತೇ ಇದೆ. ಪಕ್ಕದವರಿಗೂ ಗೊತ್ತಿದೆ ಅಂತ ನಮಗೆ ಗೊತ್ತಿಲ್ಲ.

ವಾಟ್ಸಾಪ್ ಇದಕ್ಕೆ ಸೇರಿಸಿದ್ದು ಎರಡು. ಒಂದು ವೇಗ. ಇನ್ನೊಂದು ಪರಿಚಯದ ಮುಖ. ಪೇಪರಿನಲ್ಲಿ ಬಂದರೆ ಪೇಪರಿನವರು ಹೇಳಿದ್ದು, ಗ್ರೂಪಲ್ಲಿ ಬಂದರೆ ಭಾವ ಹೇಳಿದ್ದು. ಭಾವನಿಗೆ ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ, ಕೇಳಿದರೆ ಭಾವನಿಗೆ ಬೇಜಾರು. ಫ್ಯಾಮಿಲಿ ಗ್ರೂಪಲ್ಲಿ ಹಿರಿಯರು ಹಾಕಿದ ಮೆಸೇಜಿಗೆ “ಇದು ಸುಳ್ಳು ಚಿಕ್ಕಪ್ಪ” ಅಂತ ಬರೆದವರ ಕಥೆ ನಿಮಗೆ ಗೊತ್ತಲ್ಲ. ಮುಂದಿನ ಮದುವೆಯಲ್ಲಿ ಚಿಕ್ಕಪ್ಪ ಮಾತಾಡಿಸಲ್ಲ. ಹಾಗಾಗಿ ಎಲ್ಲರೂ ಕೈ ಮುಗಿಯೋ ಎಮೋಜಿ ಹಾಕಿ ಸುಮ್ಮನಾಗ್ತಾರೆ. ಆ ಎಮೋಜಿಗಳನ್ನ ನೋಡಿದ ಇನ್ನೊಬ್ಬರಿಗೆ ಅನ್ನಿಸೋದು, ಓ, ಎಲ್ಲರೂ ಒಪ್ಪಿದ್ದಾರೆ.

ಹತ್ತು ರೂಪಾಯಿಗೇ ನಿಲ್ಲಲ್ಲ

“ಹೋಗ್ಲಿ ಬಿಡಿ, ಹತ್ತು ರೂಪಾಯಿ ವಿಷಯ” ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಇದೇ “ಕಳಿಸಿದ್ರೆ ಹೋಗೋದೇನು” ಬೇರೆ ಕಡೆ ಏನೇನು ಮಾಡಿದೆ ಅಂತ ನಮ್ಮ ರಾಜ್ಯವೇ ನೋಡಿದೆ.

2012ರ ಆಗಸ್ಟಿನಲ್ಲಿ ಬೆಂಗಳೂರಲ್ಲಿ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ಆಗುತ್ತೆ ಅಂತ ಎಸ್‌ಎಂಎಸ್‌ಗಳು ಹರಿದಾಡಿದವು. ಸ್ವಾತಂತ್ರ್ಯ ದಿನದ ಹೊತ್ತಿಗೆ ರೈಲ್ವೆ ಸ್ಟೇಷನ್ ತುಂಬ ಬ್ಯಾಗು ಹಿಡಿದ ಹುಡುಗ ಹುಡುಗಿಯರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು, ಸಾವಿರಾರು ಜನ ಕೆಲಸ, ಓದು ಬಿಟ್ಟು ಊರಿಗೆ ಹೋದರು. ಕೇಂದ್ರ ಸರ್ಕಾರ ಹದಿನೈದು ದಿನ ಒಂದೇ ಸಲ ಐದಕ್ಕಿಂತ ಹೆಚ್ಚು ಜನಕ್ಕೆ ಎಸ್‌ಎಂಎಸ್ ಕಳಿಸದಂತೆ ಕಟ್ಟು ಹಾಕಿತು.

2018ರಲ್ಲಿ ಮಕ್ಕಳ ಕಳ್ಳರ ಸುದ್ದಿ. ಬೈಕಲ್ಲಿ ಬಂದು ಮಗು ಎತ್ತಿಕೊಂಡು ಹೋಗೋ ಒಂದು ವಿಡಿಯೋ ಎಲ್ಲರ ಫೋನಲ್ಲೂ ಇತ್ತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ್ದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನ ವಾಪಸ್ ತಂದು ಬಿಡೋ ಭಾಗವನ್ನ ಯಾರೋ ಕತ್ತರಿಸಿ ಬಿಟ್ಟಿದ್ದರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬರನ್ನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರ ಪ್ರಾಣ ಹೋಯಿತು. ಅವರ ಕಡೆಯವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣ. ಕಾರು ಬರ್ತಿದೆ, ತಡೀರಿ ಅಂತ ಮುಂದಿನ ಊರಿಗೆ ಕಾರಿಗಿಂತ ಮೊದಲು ವಾಟ್ಸಾಪ್ ತಲುಪಿತ್ತು.

ಆ ಮೆಸೇಜು ಫಾರ್ವರ್ಡ್ ಮಾಡಿದವರಲ್ಲಿ ಬಹಳ ಜನ ಕೊಲೆ ಬಯಸಿದವರಲ್ಲ. ಮಕ್ಕಳಿರೋ ಮನೆಯವರು. ಸುಳ್ಳಾದ್ರೆ ಸುಳ್ಳು, ನಿಜವಾಗಿದ್ರೆ ಒಂದು ಮಗು ಉಳಿಯುತ್ತಲ್ಲ ಅಂದುಕೊಂಡವರು. ಮೇಷ್ಟ್ರ ಸೀಮೆಸುಣ್ಣವೇ ಇದು.

ಆ ಜುಲೈಯಲ್ಲೇ ವಾಟ್ಸಾಪ್ ‘ಫಾರ್ವರ್ಡೆಡ್’ ಅನ್ನೋ ಗುರುತು ತಂತು, ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ಅಂತ ಮಿತಿ ಹಾಕಿತು. 2020ರ ಏಪ್ರಿಲಿನಲ್ಲಿ, ಬಹಳ ಸಲ ಫಾರ್ವರ್ಡ್ ಆದ ಮೆಸೇಜಾದರೆ ಒಂದು ಚಾಟ್‌ಗೆ ಮಾತ್ರ ಅಂತ ಮಾಡಿತು. ಮೆಸೇಜಿನ ಮೇಲೆ ಜೋಡಿ ಬಾಣದ ಗುರುತು ಕಂಡರೆ ಅದು ಹಲವು ಕೈ ದಾಟಿ ಬಂದಿದೆ ಅಂತ ಅರ್ಥ. ಈ ಮಿತಿಗಳು ಮಾಡೋದು ಇಷ್ಟೇ, ಸೀಮೆಸುಣ್ಣದ ಬೆಲೆ ಸ್ವಲ್ಪ ಏರಿಸೋದು. ಜನ ಸ್ಕ್ರೀನ್‌ಶಾಟ್ ತೆಗೆದು, ಸ್ಟೇಟಸ್ಸಿಗೆ ಹಾಕಿ ಅದಕ್ಕೂ ದಾರಿ ಕಂಡುಕೊಂಡಿದ್ದಾರೆ, ಅದು ಬೇರೆ ಮಾತು.

ಖರ್ಚು ಯಾರ ತಲೆಗೆ

ಹತ್ತರ ಕಾಯಿನ್ ಗಲಾಟೆ ಈಗ ಮೊದಲಿನಷ್ಟು ಕೇಳಿಸಲ್ಲ. ಪರಿಹಾರ ಆಗಿದ್ದಕ್ಕಲ್ಲ, ಯುಪಿಐ ಬಂದಿದ್ದಕ್ಕೆ. ಟೀಗೂ ಸ್ಕ್ಯಾನ್, ಬೀಡಾಕ್ಕೂ ಸ್ಕ್ಯಾನ್. ಫೋನಿದ್ದವರು ಸಮಸ್ಯೆಯಿಂದ ಎದ್ದು ಹೋದರು. ಉಳಿದವರು ಸೊಪ್ಪಿನ ಅಜ್ಜಿ, ಹೂವಿನವರು, ನೀರು ಮಜ್ಜಿಗೆ ಮಾರೋರು, ಹಳ್ಳಿಯಿಂದ ಬಸ್ಸಲ್ಲಿ ಬರೋ ವಯಸ್ಸಾದವರು. 2025ರ ಜುಲೈಯಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳಲ್ಲಿ ‘ಕ್ಯಾಶ್ ಮಾತ್ರ’ ಅಂತ ಬೋರ್ಡು ಬಿತ್ತಲ್ಲ. ಆಗ ಕೆಲವು ದಿನ ಚಿಲ್ಲರೆ ಜಗಳ ಮತ್ತೆ ಶುರುವಾಗಿತ್ತು. ಸೊಪ್ಪು ತರಕಾರಿಗೆ ಜಿಎಸ್‌ಟಿಯೇ ಇಲ್ಲ ಅನ್ನೋದು ಗೊತ್ತಿಲ್ಲದ ಪಾಪದವರೂ ಕ್ಯೂಆರ್ ಬೋರ್ಡ್ ತಿರುಗಿಸಿ ಇಟ್ಟಿದ್ದರು. ಅದೂ ಗ್ರೂಪಲ್ಲಿ ಬಂದ ಮಾತೇ.

ಅಂಗಡಿಯವರಿಗೆ ಬೇಡ ಅನ್ನೋ ತಾಕತ್ತಿದೆ. ಬಸ್ಸಿನವರಿಗಿದೆ. ಅಜ್ಜಿಗೆ ಅಷ್ಟಿಲ್ಲ. ಸಂಜೆ ಆರು ಗಂಟೆಗೆ ಸೊಪ್ಪು ಬಾಡೋಕೆ ಶುರುವಾದಾಗ ಯಾರಾದರೂ ಕಾಯಿನ್ ಚಾಚಿದರೆ ಕಟ್ಟು ಕಸಕ್ಕೆ ಹಾಕೋದಕ್ಕಿಂತ ಕಾಯಿನ್ ತಗೊಳ್ಳೋದೇ ವಾಸಿ ಅನ್ನಿಸುತ್ತೆ. ಹಾಗೆ ತುಂಬಿದ್ದು ಆ ಡಬ್ಬಿ. ಊರೆಲ್ಲ ಜಾಣತನ ಮಾಡಿ ಉಳಿಸಿದ ಹತ್ತು ಹತ್ತು ರೂಪಾಯಿ ಕೊನೆಗೆ ಹೋಗಿ ಕೂತದ್ದು ಅಲ್ಲಿ.

ಕಾನೂನು ಸರಳ ಇದೆ. 2011ರ ನಾಣ್ಯ ಕಾಯ್ದೆ ಪ್ರಕಾರ ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳಲ್ಲಿ ಸಾವಿರ ರೂಪಾಯಿವರೆಗೆ ಕೊಡಬಹುದು, ಅದು ಕಾನೂನುಬದ್ಧ ಪಾವತಿ. ಬ್ಯಾಂಕ್ ಶಾಖೆಗಳು ನಾಣ್ಯ ತಗೊಳ್ಳಲ್ಲ ಅನ್ನೋ ಹಾಗಿಲ್ಲ ಅಂತ ಆರ್‌ಬಿಐ ಮತ್ತೆ ಮತ್ತೆ ಹೇಳಿದೆ. ಬಹಳ ಇದ್ದರೆ ನೂರು ನೂರು ಎಣಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹೋದರೆ ಕ್ಯಾಶಿಯರ್‌ಗೂ ಸುಲಭ. ಆದರೂ ಬೇಡ ಅಂದರೆ ಆರ್‌ಬಿಐನ 14448ಕ್ಕೆ ಫೋನ್ ಮಾಡಿ ದೂರು ಕೊಡೋದು ಹೇಗೆ ಅಂತ ಕೇಳಬಹುದು. ಕಾಯಿನ್ ತಗೊಳ್ಳದಿದ್ರೆ ಜೈಲು ಅನ್ನೋ ಫಾರ್ವರ್ಡೂ ಒಂದು ಓಡಾಡ್ತಿದೆ. ಅದನ್ನ ತೋರಿಸಿ ಸೊಪ್ಪು ಮಾರೋರನ್ನ ಹೆದರಿಸಿ ಕಾಯಿನ್ ದಾಟಿಸೋದು ನನಗಂತೂ ಸರಿ ಕಾಣಲ್ಲ.

ವಾರ ಕಳೆದ ಮೇಲೆ ಮತ್ತೆ ಗಾಂಧಿ ಬಜಾರಿಗೆ ಹೋದೆ. ಜೇಬಲ್ಲಿ ಇನ್ನೂ ಮೂರು ಕಾಯಿನ್ ಉಳಿದಿದ್ದವು. “ಅಜ್ಜಿ, ಡಬ್ಬಿ ಕೊಡಿ” ಅಂದೆ. ಎಣಿಸಿದರೆ 63. ಆರುನೂರ ಮೂವತ್ತು ರೂಪಾಯಿ ಕೊಟ್ಟು, ಕಾಯಿನ್ನುಗಳನ್ನ ಬಟ್ಟೆ ಚೀಲಕ್ಕೆ ಹಾಕಿಕೊಂಡು ಸೀದಾ ಬ್ಯಾಂಕಿಗೆ ಹೋದೆ. ಕ್ಯಾಶಿಯರ್ ಮೊದಲು ಚೀಲ ನೋಡಿದರು, ಆಮೇಲೆ ಗಡಿಯಾರ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. “ಸ್ವಲ್ಪ ರಶ್ ಕಮ್ಮಿ ಆಗ್ಲಿ ಸಾರ್, ಕೂತ್ಕೊಳ್ಳಿ.” ಮುಕ್ಕಾಲು ಗಂಟೆ ಕೂತೆ. ತಗೊಂಡರು. ನನ್ನ ಹಿಂದೆ ನಿಂತಿದ್ದ ಒಬ್ಬರು, “ಅಯ್ಯೋ, ಇಲ್ಲಿ ತಗೊಳ್ತಾರಾ? ನಮ್ಮನೇಲೂ ಒಂದು ರಾಶಿ ಇದೆ ಮಾರಾಯ್ರೆ” ಅಂದರು. ಊರಲ್ಲಿ ಇನ್ನೂ ಎಷ್ಟು ಡಬ್ಬಿ ಇದೆಯೋ.

ವಾಪಸ್ ಬರುವಾಗ ಅದೇ ದಾರಿ. ಅಜ್ಜಿಯ ಮುಂದೆ ಕಾಲೇಜು ಹುಡುಗಿಯೊಬ್ಬಳು ಕೊತ್ತಂಬರಿ ತಗೊಂಡು ಕಾಯಿನ್ ಚಾಚಿದ್ದಳು. ಅಜ್ಜಿ ಕೈ ಅಡ್ಡ ಆಡಿಸೋಕೆ ಹೊರಟವರು, ನನ್ನನ್ನ ನೋಡಿ ನಿಲ್ಲಿಸಿದರು.

“ತಮ್ಮಾ, ಮುಂದಿನ ವಾರಾನೂ ಬರ್ತೀಯಲ್ಲ?”

ಬರ್ತೀನಿ ಅಂದೆ. ಕಾಯಿನ್ ಖಾಲಿ ಡಬ್ಬಿಗೆ ಬಿತ್ತು, ಠಣ್ ಅಂತ.